ಒಂದು ಕೋಶ ಎರಡಾದಾಗ ಯಾರ ಪಾಲಿಗೆ ಎಷ್ಟು?

ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚುವಾಗ ಒಮ್ಮೆಯೂ ಬೆರಳು ಕೊಯ್ದುಕೊಳ್ಳದವರು ಅಪರೂಪ. ಚಿಟಿಕೆ ಅರಿಶಿನ ಒತ್ತಿ, ಬಟ್ಟೆಯ ಚೂರು ಸುತ್ತಿ ಮತ್ತೆ ಒಲೆಯ ಮುಂದೆ ನಿಲ್ಲುವುದು ನಮ್ಮ ಮನೆಗಳ ವಾಡಿಕೆ. (ಅರಿಶಿನಕ್ಕಿಂತ ಮೊದಲು ನಲ್ಲಿಯ ನೀರು ಮತ್ತು ಸೋಪು ಎಂದು ವೈದ್ಯನಾಗಿ ಹೇಳಲೇಬೇಕು.) ಎಂಟು ಹತ್ತು ದಿನಗಳಲ್ಲಿ ಗಾಯ ಮಾಯುತ್ತದೆ. ಒಳಚರ್ಮಕ್ಕೆ ಪೆಟ್ಟಾಗದಿದ್ದರೆ ಕಲೆಯೂ ಉಳಿಯುವುದಿಲ್ಲ. ಬೆರಳಚ್ಚಿನ ಗೆರೆಗಳು ಕೂಡ ಹಿಂದೆ ಇದ್ದ ಜಾಗದಲ್ಲಿ, ಇದ್ದ ಹಾಗೆಯೇ ಮೂಡಿಬರುತ್ತವೆ.

ಈ ಹೊಸ ಚರ್ಮ ಬಂದುದೆಲ್ಲಿಂದ? ಹೊರಗಿನಿಂದ ಯಾರೂ ತಂದು ಅಂಟಿಸಲಿಲ್ಲ. ಗಾಯದ ಅಂಚಿನಲ್ಲಿ, ಚರ್ಮದ ತಳಪದರದಲ್ಲಿ ಉಳಿದಿದ್ದ ಜೀವಕೋಶಗಳೇ ಒಂದು ಎರಡಾಗಿ, ಎರಡು ನಾಲ್ಕಾಗಿ ಖಾಲಿ ಜಾಗವನ್ನು ತುಂಬಿದವು. ಹೀಗೆ ಒಂದು ಕೋಶ ತನ್ನಂತೆಯೇ ಇರುವ ಎರಡು ಕೋಶಗಳಾಗುವ ಕ್ರಿಯೆಗೆ ಸಮವಿಭಜನೆ ಅಥವಾ ಮೈಟಾಸಿಸ್ ಎಂದು ಹೆಸರು. ಶಾಲೆಯಲ್ಲಿ ಐದು ಅಂಕದ ಪ್ರಶ್ನೆಗೆ ಚಿತ್ರ ಬರೆದು ಮರೆತುಬಿಟ್ಟ ವಿಷಯ ಎಂದು ನೀವು ಪುಟ ತಿರುವಬಹುದು. ಆದರೆ ಮನೆಗೆ ಕ್ಯಾನ್ಸರ್ ಎಂಬ ಶಬ್ದ ಕಾಲಿಟ್ಟಾಗ ಕುಟುಂಬದವರು ಕೇಳುವ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಇಲ್ಲಿಯೇ ಇದೆ. ಆದುದರಿಂದ ಸ್ವಲ್ಪ ತಾಳ್ಮೆಯಿಂದ ಓದಿರಿ.

ನಮ್ಮ ದೇಹದಲ್ಲಿ ಅಂದಾಜು 30ರಿಂದ 37 ಲಕ್ಷ ಕೋಟಿ ಜೀವಕೋಶಗಳಿವೆ. ಇವೆಲ್ಲವೂ ತಾಯಿಯ ಗರ್ಭದಲ್ಲಿ ಒಂದೇ ಒಂದು ಕೋಶದಿಂದ ಆರಂಭವಾದವು. ಬೆಳವಣಿಗೆ ಮುಗಿದ ಮೇಲೂ ವಿಭಜನೆ ನಿಲ್ಲುವುದಿಲ್ಲ. ಕರುಳಿನ ಒಳಪದರ ಮೂರರಿಂದ ಐದು ದಿನಗಳಿಗೊಮ್ಮೆ ಹೊಸದಾಗುತ್ತದೆ. ಹೊರಚರ್ಮಕ್ಕೆ ಸುಮಾರು ನಾಲ್ಕು ವಾರ ಬೇಕು. ಮೂಳೆಯೊಳಗಿನ ಮಜ್ಜೆಯಂತೂ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಇದಕ್ಕೆ ವಿರುದ್ಧವಾಗಿ ಮೆದುಳಿನ ನರಕೋಶಗಳು ಮತ್ತು ಹೃದಯದ ಸ್ನಾಯುಕೋಶಗಳು ಬಹುಮಟ್ಟಿಗೆ ವಿಭಜನೆಗೊಳ್ಳುವುದೇ ಇಲ್ಲ. ಲಕ್ವ ಹೊಡೆದವರಲ್ಲಿ, ಹೃದಯಾಘಾತವಾದವರಲ್ಲಿ ಕಳೆದುಕೊಂಡ ಭಾಗ ಚರ್ಮದಂತೆ ಮತ್ತೆ ಬೆಳೆಯದಿರುವುದಕ್ಕೆ ಇದೇ ಕಾರಣ.

ನೂಲಿನ ಕಥೆ

ಕೋಶವಿಭಜನೆಯನ್ನು ಮೊದಲು ಸವಿವರವಾಗಿ ಕಂಡು ಬರೆದವರಲ್ಲಿ ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಪ್ರಮುಖರು. ಕೀಲ್ ನಗರದ ವಿಶ್ವವಿದ್ಯಾಲಯದಲ್ಲಿದ್ದ ಆತ, ಹಲ್ಲಿಯಂತೆ ಕಂಡರೂ ಕಪ್ಪೆಯ ಬಳಗಕ್ಕೆ ಸೇರಿದ ಸಾಲಮಾಂಡರ್ ಎಂಬ ಪ್ರಾಣಿಯ ಮರಿಗಳ ಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೋಶ ಒಡೆಯುವ ಮುನ್ನ ಅದರ ಕೇಂದ್ರದಲ್ಲಿ ಬಣ್ಣ ಹೀರಿದ ಎಳೆಗಳು ಕಾಣಿಸಿಕೊಳ್ಳುತ್ತಿದ್ದವು. 1882ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಆತ ಈ ಕ್ರಿಯೆಯನ್ನು ಮೈಟಾಸಿಸ್ ಎಂದು ಕರೆದರು. ಗ್ರೀಕ್ ಭಾಷೆಯಲ್ಲಿ ಮೈಟೋಸ್ ಎಂದರೆ ನೂಲು. ಆ ಎಳೆಗಳಿಗೆ ಕನ್ನಡದಲ್ಲಿ ನಾವು ವರ್ಣತಂತು ಎನ್ನುತ್ತೇವೆ. ಬಣ್ಣ ಹೀರುವ ನೂಲು ಎಂಬ ಅರ್ಥ ನಮ್ಮ ಶಬ್ದದಲ್ಲಿಯೂ ಉಳಿದಿದೆ. ಕ್ರೋಮೋಸೋಮು ಎಂದರೂ ಇದೇ.

ಮನುಷ್ಯನ ಕೋಶದಲ್ಲಿ ಇಂತಹ ಎಳೆಗಳು ಎಷ್ಟು? 1923ರಲ್ಲಿ ಅಮೆರಿಕದ ಪೇಂಟರ್ ಎಂಬ ವಿಜ್ಞಾನಿ 48 ಎಂದು ಎಣಿಸಿದರು. ಮುಂದೆ 30 ವರ್ಷಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕಗಳೆಲ್ಲ 48 ಎಂದೇ ಹೇಳಿದವು. ಸ್ವತಃ ಎಣಿಸಿ ನೋಡಿದ ಕೆಲವರಿಗೂ 48 ಸಿಕ್ಕಿತು! ಕಡೆಗೆ ಸ್ವೀಡನ್ನಿನಲ್ಲಿ ಕೆಲಸ ಮಾಡುತ್ತಿದ್ದ, ಜಾವಾ ದ್ವೀಪದಲ್ಲಿ ಹುಟ್ಟಿದ ಚಿಯೋ ಮತ್ತು ಅವರ ಸಹೋದ್ಯೋಗಿ ಲೆವಾನ್ 1956ರಲ್ಲಿ ಈ ಸಂಖ್ಯೆ 46 ಎಂದು ತೋರಿಸಿದರು. ಕೋಶವನ್ನು ವಿಭಜನೆಯ ನಡುವೆ ತಡೆದು ನಿಲ್ಲಿಸಲು ಅವರು ಬಳಸಿದ್ದು ಕಾಲ್ಚಿಸಿನ್ ಎಂಬ ಸಸ್ಯಮೂಲದ ವಿಷವನ್ನು. ನಮ್ಮ ಕಾಡಂಚಿನ ಬೇಲಿಗಳಲ್ಲಿ ಕೆಂಪು ಹಳದಿ ಜ್ವಾಲೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಇದೇ ವಿಷವಿದೆ. ಮಕ್ಕಳು ಅದರ ಗೆಡ್ಡೆಯನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

46 ಎಳೆಗಳಲ್ಲಿ 23 ತಾಯಿಯಿಂದ, 23 ತಂದೆಯಿಂದ ಬಂದವು. ಪ್ರತಿಯೊಂದು ಎಳೆಯೂ ಒಂದು ಉದ್ದನೆಯ ಡಿ.ಎನ್.ಎ. ಅಣು. ಒಂದು ಕೋಶದ ಡಿ.ಎನ್.ಎ.ಯನ್ನೆಲ್ಲ ಬಿಡಿಸಿ ತುದಿಗೆ ತುದಿ ಸೇರಿಸಿದರೆ ಸುಮಾರು 2 ಮೀಟರ್ ಆಗುತ್ತದೆ. ಅದರಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ರಾಸಾಯನಿಕ ಅಕ್ಷರಗಳಲ್ಲಿ ಬರೆದ 600 ಕೋಟಿಗೂ ಹೆಚ್ಚು ಅಕ್ಷರಜೋಡಿಗಳಿವೆ. ಕಣ್ಣಿನ ಬಣ್ಣ, ರಕ್ತದ ಗುಂಪು, ಜೀರ್ಣರಸಗಳ ತಯಾರಿಕೆ ಎಲ್ಲದರ ವಿವರವೂ ಅಲ್ಲಿದೆ.

ಸಕ್ಕರೆ ಅಚ್ಚಿನ ಲೆಕ್ಕ

ಇಷ್ಟು ದೊಡ್ಡ ಬರಹವನ್ನು ಕೋಶವು ನಕಲು ಮಾಡುವುದು ಹೇಗೆ? ಜೆರಾಕ್ಸ್ ಪ್ರತಿಯನ್ನು ಮತ್ತೆ ಜೆರಾಕ್ಸ್ ಮಾಡುತ್ತಾ ಹೋದರೆ ಹತ್ತನೆಯ ಪ್ರತಿ ಓದಲಾಗದಷ್ಟು ಮಸುಕಾಗುತ್ತದೆ. ನಮ್ಮ ಚರ್ಮದ ಕೋಶಗಳು ಸಾವಿರಾರು ಬಾರಿ ನಕಲಾದರೂ ಮಸುಕಾಗುವುದಿಲ್ಲ. ಇದರ ಗುಟ್ಟು ಡಿ.ಎನ್.ಎ.ಯ ರಚನೆಯಲ್ಲಿದೆ.

ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆಗಳನ್ನು ನೆನಪಿಸಿಕೊಳ್ಳಿ. ಎರಡು ಹೋಳುಗಳು ಒಂದಕ್ಕೊಂದು ಸರಿಯಾಗಿ ಕೂಡುತ್ತವೆ. ಒಂದು ಹೋಳು ಕಳೆದುಹೋದರೂ ಉಳಿದ ಹೋಳನ್ನು ಆಚಾರಿಯ ಮುಂದಿಟ್ಟರೆ ಅದಕ್ಕೆ ತಕ್ಕ ಜೊತೆಯನ್ನು ಕೆತ್ತಿಕೊಡಬಲ್ಲ. ಏಕೆಂದರೆ ಒಂದರ ಆಕಾರದಲ್ಲಿಯೇ ಇನ್ನೊಂದರ ಆಕಾರ ಅಡಗಿದೆ. ಡಿ.ಎನ್.ಎ.ಯ ಎರಡು ಎಳೆಗಳೂ ಹೀಗೆಯೇ. ಒಂದರಲ್ಲಿ ಎ ಇದ್ದರೆ ಎದುರಿಗೆ ಟಿ ಇರಲೇಬೇಕು. ಜಿ ಇದ್ದರೆ ಸಿ. ವಿಭಜನೆಗೆ ಮುನ್ನ ಎರಡು ಎಳೆಗಳು ಬಿಚ್ಚಿಕೊಳ್ಳುತ್ತವೆ. ಪ್ರತಿಯೊಂದು ಹಳೆಯ ಎಳೆಯ ಎದುರಿಗೂ ಅದಕ್ಕೆ ಹೊಂದುವ ಹೊಸ ಎಳೆ ಹೆಣೆಯಲ್ಪಡುತ್ತದೆ. ಒಂದು ಜೊತೆಯಿದ್ದ ಕಡೆ ಎರಡು ಜೊತೆ. ಪ್ರತಿ ಜೊತೆಯಲ್ಲಿಯೂ ಅರ್ಧ ಹಳೆಯದು, ಅರ್ಧ ಹೊಸದು. ಈ ರಚನೆಯನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಬಿಡಿಸಿಟ್ಟರು. ನಕಲು ನಿಜಕ್ಕೂ ಹೀಗೆ ಅರ್ಧ ಹಳತು ಅರ್ಧ ಹೊಸತಾಗಿ ನಡೆಯುತ್ತದೆ ಎಂಬುದನ್ನು 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಬ್ಯಾಕ್ಟೀರಿಯಗಳಲ್ಲಿ ಪ್ರಯೋಗ ಮಾಡಿ ತೋರಿಸಿದರು.

ಈ ಕೆತ್ತನೆಯ ವೇಗ ಸೆಕೆಂಡಿಗೆ ಸುಮಾರು 50 ಅಕ್ಷರ. ಒಂದೇ ತುದಿಯಿಂದ ಆರಂಭಿಸಿದ್ದರೆ ನಮ್ಮ ಅತಿ ದೊಡ್ಡ ವರ್ಣತಂತುವಿನ ನಕಲಿಗೆ ಎರಡು ತಿಂಗಳು ಹಿಡಿಯುತ್ತಿತ್ತು. ಆದರೆ ಕೋಶವು ಸಾವಿರಾರು ಕಡೆಗಳಲ್ಲಿ ಏಕಕಾಲಕ್ಕೆ ಕೆಲಸ ಆರಂಭಿಸಿ, ಎಂಟು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತದೆ.

ತಪ್ಪು ಆಗುವುದಿಲ್ಲವೆ? ಆಗುತ್ತದೆ. ಮೊದಲ ಬರವಣಿಗೆಯಲ್ಲಿ ಲಕ್ಷಕ್ಕೆ ಸುಮಾರು ಒಂದು ಅಕ್ಷರ ತಪ್ಪುತ್ತದೆ. ಬರೆಯುವ ಕಿಣ್ವವೇ ಕೂಡಲೇ ಹಿಂದಿರುಗಿ ನೋಡಿ ಬಹಳಷ್ಟನ್ನು ಅಳಿಸಿ ಸರಿಪಡಿಸುತ್ತದೆ. ಅದರ ಕಣ್ಣು ತಪ್ಪಿಸಿದವನ್ನು ಹಿಡಿಯಲು ಕರಡು ತಿದ್ದುವವರ ಎರಡನೆಯ ತಂಡವೊಂದು ಹಿಂದೆಯೇ ಬರುತ್ತದೆ. ಇಷ್ಟೆಲ್ಲ ಆದ ಮೇಲೆ ಉಳಿಯುವ ತಪ್ಪು 100 ಕೋಟಿ ಅಕ್ಷರಗಳಿಗೆ ಒಂದು ಅಥವಾ ಅದಕ್ಕಿಂತಲೂ ಕಡಿಮೆ. ಈ ತಿದ್ದುಪಡಿಯ ವಿಧಾನಗಳನ್ನು ಕಂಡುಹಿಡಿದವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಪತ್ರಿಕೆಯ ಕರಡು ತಿದ್ದುವ ಮಿತ್ರರು ಇದನ್ನು ಓದಿ ನಿಟ್ಟುಸಿರು ಬಿಟ್ಟರೆ ಆಶ್ಚರ್ಯವಿಲ್ಲ.

ಜಗಳವಿಲ್ಲದ ಪಾಲು

ನಕಲು ಮಾಡಿದರೆ ಅರ್ಧ ಕೆಲಸ ಮುಗಿಯಿತು. ಇನ್ನರ್ಧ ಅದನ್ನು ಸರಿಯಾಗಿ ಹಂಚುವುದು. ಅಣ್ಣತಮ್ಮಂದಿರು ಪಾಲಾದಾಗ ನಾಲ್ಕು ಎಕರೆ ಎರಡೆರಡು ಎಕರೆಯಾಗುತ್ತದೆ; ಬಾವಿ ಒಬ್ಬನಿಗೆ, ತೋಟ ಇನ್ನೊಬ್ಬನಿಗೆ. ಕೋಶದ ಪಾಲಿನಲ್ಲಿ ಹಾಗಿಲ್ಲ. ಪಾಲಿಗೆ ಮೊದಲೇ ಆಸ್ತಿಯೆಲ್ಲ ದುಪ್ಪಟ್ಟಾಗಿರುತ್ತದೆ. ಪ್ರತಿಯೊಬ್ಬನಿಗೂ ನಾಲ್ಕು ಎಕರೆ, ಪೂರ್ತಿ ಬಾವಿ, ಪೂರ್ತಿ ತೋಟ. ಎರಡು ಮರಿಕೋಶಗಳು ತಾಯಿಕೋಶದ ತದ್ರೂಪಾಗುವುದು ಈ ಕಾರಣದಿಂದಲೇ.

ಆದರೆ 46 ಎಳೆಗಳು 92 ಆದ ಮೇಲೆ ಯಾವುದು ಯಾವ ಕಡೆಗೆ ಹೋಗಬೇಕು ಎಂದು ತಿಳಿಯುವುದು ಹೇಗೆ? ಮದುವೆ ಛತ್ರದ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳಂತೆ ಕಲಸುಮೇಲೋಗರವಾದರೆ ಒಬ್ಬನಿಗೆ ಎರಡೂ ಎಡಗಾಲಿನವೇ ಸಿಕ್ಕಾವು. ಅದಕ್ಕಾಗಿ ಕೋಶವು ಒಂದು ಸರಳ ಉಪಾಯ ಮಾಡಿಕೊಂಡಿದೆ. ನಕಲಾದ ಕ್ಷಣದಿಂದಲೇ ಅವಳಿ ಎಳೆಗಳೆರಡನ್ನೂ ಉಂಗುರದಂತಹ ಪ್ರೊಟೀನುಗಳಿಂದ ಕಟ್ಟಿಹಾಕುತ್ತದೆ. ಬಳಿಕ ಕೋಶದ ಎರಡು ತುದಿಗಳಿಂದ ದಾರಗಳು ಹೊರಟು ಪ್ರತಿ ಜೋಡಿಯ ಸೊಂಟವನ್ನು ಹಿಡಿಯುತ್ತವೆ. ಜೋಡಿಯಲ್ಲಿ ಒಂದನ್ನು ಈ ಕಡೆಯ ದಾರ, ಇನ್ನೊಂದನ್ನು ಆ ಕಡೆಯ ದಾರ. ಎರಡೂ ಕಡೆಯಿಂದ ಎಳೆತ ಬಿದ್ದಾಗ ಜೋಡಿ ಕೋಶದ ನಟ್ಟನಡುವೆ ಬಂದು ನಿಲ್ಲುತ್ತದೆ. ಪಿ.ಯು.ಸಿ. ಪ್ರಯೋಗಾಲಯದಲ್ಲಿ ಈರುಳ್ಳಿ ಬೇರಿನ ತುದಿಯನ್ನು ಗಾಜಿನ ಪಟ್ಟಿಯ ಮೇಲೆ ಅರೆದು ನೋಡಿದವರಿಗೆ ಈ ಸಾಲು ನೆನಪಿರಬಹುದು.

46 ಜೋಡಿಗಳಲ್ಲಿ ಒಂದೇ ಒಂದು ಇನ್ನೂ ಸರಿಯಾಗಿ ಹಿಡಿತಕ್ಕೆ ಸಿಕ್ಕಿಲ್ಲವೆಂದರೂ ಉಳಿದ 45 ಕಾಯುತ್ತವೆ. ಕೊನೆಯ ಪ್ರಯಾಣಿಕ ಹತ್ತುವವರೆಗೆ ಕಂಡಕ್ಟರ್ ರೈಟ್ ಹೇಳುವುದಿಲ್ಲ. ಎಲ್ಲವೂ ಸರಿಯಾದೊಡನೆ ಉಂಗುರಗಳು ಒಟ್ಟಿಗೆ ಕತ್ತರಿಸಲ್ಪಡುತ್ತವೆ. ಅವಳಿಗಳು ಬೇರೆಯಾಗಿ ಎದುರು ತುದಿಗಳಿಗೆ ಸರಿಯುತ್ತವೆ. ನಡುವೆ ಕೋಶ ಕಿರಿದಾಗಿ, ಹಿಸುಕಿದ ಹಿಟ್ಟಿನುಂಡೆಯಂತೆ ಎರಡಾಗುತ್ತದೆ. ಈ ಹಂಚಿಕೆಯ ಭಾಗಕ್ಕೆ ಹಿಡಿಯುವ ಸಮಯ ಒಂದು ಗಂಟೆಯಷ್ಟೇ.

ಇಲ್ಲಿ ಜಾಣ ಓದುಗರು ಕೇಳಬಹುದು: ಎಲ್ಲ ಕೋಶಗಳೂ ತದ್ರೂಪಾದರೆ ಕಣ್ಣು ಕಣ್ಣೇ ಏಕಾಗಬೇಕು, ಉಗುರು ಉಗುರೇ ಏಕಾಗಬೇಕು? ಬರಹ ಒಂದೇ, ಓದುವ ಪುಟ ಬೇರೆ. ಒಂದೇ ಅಡುಗೆ ಪುಸ್ತಕವನ್ನು ಇಟ್ಟುಕೊಂಡು ಒಬ್ಬರ ಮನೆಯಲ್ಲಿ ಸಾರು, ಇನ್ನೊಬ್ಬರ ಮನೆಯಲ್ಲಿ ಹೋಳಿಗೆ ಮಾಡಿದಂತೆ. ಅಂಡಾಣು ಮತ್ತು ವೀರ್ಯಾಣುಗಳ ವಿಷಯ ಮಾತ್ರ ಬೇರೆ. ಅವು ಇನ್ನೊಂದು ಬಗೆಯ ವಿಭಜನೆಯಿಂದ, ಬೆರಕೆ ಹಾಕಿ ಅರ್ಧಕ್ಕಿಳಿಸಿದ 23 ಎಳೆಗಳನ್ನು ಪಡೆಯುತ್ತವೆ. ಒಂದೇ ತಾಯಿಯ ಮಕ್ಕಳು ಒಬ್ಬರಂತೆ ಒಬ್ಬರಿಲ್ಲದಿರುವುದು ಅದರಿಂದ. ಫಲಿತವಾದ ಒಂದೇ ಅಂಡಾಣುವಿನ ಕೋಶಗಳು ಬೆಳವಣಿಗೆಯ ಮೊದಲ ದಿನಗಳಲ್ಲಿಯೇ ಎರಡು ಗುಂಪಾಗಿ ಬೇರ್ಪಟ್ಟರೆ ಆಗ ಹುಟ್ಟುವವರು ತದ್ರೂಪಿ ಅವಳಿಗಳು. ಸಮವಿಭಜನೆ ಎಷ್ಟು ನಿಷ್ಠೆಯಿಂದ ನಕಲು ಮಾಡುತ್ತದೆ ಎಂಬುದಕ್ಕೆ ಅವರಿಗಿಂತ ಸಾಕ್ಷಿ ಬೇಡ. ಹಾಗಿದ್ದರೂ ಅವರ ಬೆರಳಚ್ಚುಗಳು ಬೇರೆಬೇರೆಯಾಗಿರುತ್ತವೆ. ಗರ್ಭದೊಳಗಿನ ಸಣ್ಣಪುಟ್ಟ ವ್ಯತ್ಯಾಸಗಳೂ ಅವುಗಳ ರಚನೆಯಲ್ಲಿ ಕೈಯಾಡಿಸುತ್ತವೆ.

ತಪ್ಪನ್ನೂ ನಿಷ್ಠೆಯಿಂದ ನಕಲಿಸಿದರೆ

ಪುಸ್ತಕಗಳು ಮರಿಕೋಶಗಳು ‘ತದ್ರೂಪು’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ‘ಹೆಚ್ಚು ಕಡಿಮೆ ತದ್ರೂಪು’ ಎನ್ನುವುದು ಸರಿ. ಒಂದೊಂದು ವಿಭಜನೆಯಲ್ಲಿಯೂ ಕೆಲವು ಅಕ್ಷರಗಳು ಬದಲಾಗುತ್ತವೆ. ಬಹುಪಾಲು ಬದಲಾವಣೆಗಳಿಂದ ಯಾವ ತೊಂದರೆಯೂ ಇಲ್ಲ. ಆದರೆ ವಿಭಜನೆಯನ್ನೇ ನಿಯಂತ್ರಿಸುವ ಪುಟದಲ್ಲಿ ತಪ್ಪು ನುಸುಳಿದರೆ? ತಂಬಾಕಿನ ರಾಸಾಯನಿಕ, ಬಿಸಿಲಿನ ಅತಿನೇರಳೆ ಕಿರಣ, ಕ್ಷಕಿರಣ, ಕೆಲವು ವೈರಸ್ಸುಗಳು ಇಂತಹ ತಪ್ಪುಗಳನ್ನು ಹೆಚ್ಚಿಸುತ್ತವೆ. ಒಮ್ಮೆ ತಪ್ಪು ಬಿದ್ದು ತಿದ್ದದೆ ಉಳಿಯಿತೆಂದರೆ ಕೋಶಕ್ಕೆ ಅದು ತಪ್ಪೆಂದು ತಿಳಿಯುವುದಿಲ್ಲ. ಮೂಲಪ್ರತಿಯಲ್ಲಿ ಇದ್ದುದನ್ನು ಇದ್ದ ಹಾಗೆಯೇ ಇಳಿಸುತ್ತದೆ. ಅಂತಹ ಹಲವು ತಪ್ಪುಗಳು ವರ್ಷಗಟ್ಟಲೆ ಒಂದೇ ವಂಶದ ಕೋಶಗಳಲ್ಲಿ ಕೂಡಿಬಂದಾಗ ಕ್ಯಾನ್ಸರ್ ಹುಟ್ಟುತ್ತದೆ.

ಇದಕ್ಕೆ ಸ್ಪಷ್ಟ ಉದಾಹರಣೆ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬಿಬ್ಬರು ಈ ರೋಗಿಗಳ ರಕ್ತಕೋಶಗಳಲ್ಲಿ ಮೋಟಾದ ಒಂದು ವರ್ಣತಂತುವನ್ನು ಕಂಡರು. 9 ಮತ್ತು 22ನೆಯ ವರ್ಣತಂತುಗಳು ಮುರಿದು ತುಂಡುಗಳು ಅದಲುಬದಲಾದುದರಿಂದ ಇದು ಆಗಿದೆ ಎಂದು 1973ರಲ್ಲಿ ಜಾನೆಟ್ ರೌಲಿ ಎಂಬ ವೈದ್ಯೆ ತೋರಿಸಿದರು. ರೋಗಿಯ ದೇಹದಲ್ಲಿ ಇಂತಹ ಕೋಶಗಳು ಲೆಕ್ಕವಿಲ್ಲದಷ್ಟಿರುತ್ತವೆ. ಎಲ್ಲದರಲ್ಲಿಯೂ ಮುರಿತ ಅದೇ ಜಾಗದಲ್ಲಿ. ಪ್ರತಿಯೊಂದೂ ತಾನೇ ತಾನಾಗಿ ಅಲ್ಲಿಯೇ ಮುರಿಯಿತೆಂದರೆ ನಂಬಲಾಗದು. ಒಂದು ಕೋಶದಲ್ಲಿ ಒಮ್ಮೆ ಮುರಿಯಿತು; ಉಳಿದವೆಲ್ಲ ಅದರ ನಕಲುಗಳು. ಆ ಅದಲುಬದಲಿನಿಂದ ಹುಟ್ಟುವ ಪ್ರೊಟೀನನ್ನೇ ಗುರಿಯಾಗಿಟ್ಟ ಇಮಾಟಿನಿಬ್ ಎಂಬ ಮಾತ್ರೆ 2001ರಲ್ಲಿ ಬಳಕೆಗೆ ಬಂದ ಮೇಲೆ ಈ ಕಾಯಿಲೆಯ ಸ್ವರೂಪವೇ ಬದಲಾಯಿತು. ಇಂದು ಈ ರೋಗಿಗಳಲ್ಲಿ ಅನೇಕರು ದಿನವೂ ಮಾತ್ರೆ ನುಂಗಿ ಹೊಲಗದ್ದೆಗೆ, ಕಚೇರಿಗೆ ಹೋಗಿಬರುತ್ತಾರೆ.

ಸಂಬಂಧ ಬೆಳೆಸಬಹುದೆ?

ನನ್ನ ಚಿಕಿತ್ಸಾಲಯದಲ್ಲಿ ವರ್ಷಕ್ಕೆ ನಾಲ್ಕಾರು ಬಾರಿಯಾದರೂ ಬರುವ ಪ್ರಶ್ನೆ ಇದು. “ಡಾಕ್ಟರೇ, ಹುಡುಗಿಯ ಮನೆತನ ಒಳ್ಳೆಯದು, ಜಾತಕವೂ ಕೂಡಿದೆ. ಆದರೆ ಅವಳ ತಂದೆ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡರಂತೆ. ನಾಳೆ ನಮ್ಮ ಮೊಮ್ಮಕ್ಕಳಿಗೆ ಬಂದರೆ ಏನು ಗತಿ?” ಕೇಳುವವರು ಕೆಟ್ಟವರಲ್ಲ, ಹೆದರಿದವರು. ಆದರೆ ಈ ಹೆದರಿಕೆಯಿಂದ ಮುರಿದುಬಿದ್ದ ಸಂಬಂಧಗಳನ್ನು ಕಂಡಿದ್ದೇನೆ. ತಂದೆಯನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಅದೊಂದು ಎರಡನೆಯ ಶಿಕ್ಷೆ.

ಮೇಲೆ ಹೇಳಿದ ಲೆಕ್ಕವನ್ನೇ ಇಲ್ಲಿ ಹಾಕಿ ನೋಡೋಣ. ತಂದೆಯ ಕೆನ್ನೆಯ ಒಳಪದರದ ಕೋಶವೊಂದರಲ್ಲಿ ತಪ್ಪು ಬಿದ್ದಿತು. ಅದು ಯಾರಿಗೆ ಹೋಗಬಲ್ಲದು? ಆ ಕೋಶದ ಮರಿಗಳಿಗೆ, ಮರಿಮರಿಗಳಿಗೆ ಮಾತ್ರ. ವೀರ್ಯಾಣುಗಳನ್ನು ತಯಾರಿಸುವ ಕೋಶಗಳು ಭ್ರೂಣಾವಸ್ಥೆಯಲ್ಲಿಯೇ ಬೇರೆಯಾದ ಕವಲು. ಕೆನ್ನೆಯ ತಪ್ಪು ಅಲ್ಲಿಗೆ ತಲುಪುವ ದಾರಿಯೇ ಇಲ್ಲ. ಅದಿರಲಿ, ಮಗಳು ಹುಟ್ಟಿದ 25 ವರ್ಷಗಳ ನಂತರ ತಂದೆಯ ಕೆನ್ನೆಯಲ್ಲಿ ಆದ ತಪ್ಪು ಮಗಳನ್ನು ಹೇಗೆ ಸೇರೀತು? ಮೈಲಾಯ್ಡ್ ಲ್ಯುಕೇಮಿಯಾದ ಮಾತೂ ಇದೇ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಈ ರೋಗ ಬಂದಾಗ ಮುರಿದ ವರ್ಣತಂತು ಆ ಒಬ್ಬರ ರಕ್ತಕೋಶಗಳಲ್ಲಿ ಮಾತ್ರ ಕಂಡುಬಂದಿದೆ, ಇನ್ನೊಬ್ಬರಲ್ಲಿಲ್ಲ.

ಬಾಯಿ ಕ್ಯಾನ್ಸರ್ ಕೆಲವು ಮನೆಗಳಲ್ಲಿ ತಂದೆಗೂ ಮಗನಿಗೂ ಬರುವುದುಂಟು. ಅಲ್ಲಿ ಸಾಮಾನ್ಯವಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿದಿರುವುದು ಎಲೆ ಅಡಿಕೆಯ ಚೀಲ ಮತ್ತು ಹೊಗೆಸೊಪ್ಪು. ಹೊಗೆಸೊಪ್ಪು ಇಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ಹೇಳಿದೆ. ಮಲೆನಾಡಿನ, ಕರಾವಳಿಯ ಓದುಗರಿಗೆ ಈ ಮಾತು ರುಚಿಸಲಾರದು. ಆದರೂ ಬರೆಯದೆ ವಿಧಿಯಿಲ್ಲ.

ಹಾಗೆಂದು ಕ್ಯಾನ್ಸರ್ ಎಂದಿಗೂ ವಂಶಪಾರಂಪರ್ಯವಲ್ಲ ಎಂದು ಹೇಳಿದರೆ ಅದೂ ತಪ್ಪಾಗುತ್ತದೆ. ಕೆಲವು ಕುಟುಂಬಗಳಲ್ಲಿ ತಪ್ಪು ಅಂಡಾಣು ಅಥವಾ ವೀರ್ಯಾಣುವಿನಲ್ಲಿಯೇ ಇರುತ್ತದೆ. ಆಗ ಅದು ಮಗುವಿನ ಮೊದಲ ಕೋಶದಲ್ಲಿಯೇ ಸೇರಿ, ಅಲ್ಲಿಂದ ಸಮವಿಭಜನೆಯ ಮೂಲಕ ಮೈಯ ಎಲ್ಲ ಕೋಶಗಳಿಗೂ ನಕಲಾಗುತ್ತದೆ. ಎಳೆಯ ಮಕ್ಕಳ ಕಣ್ಣಿನ ಹಿಂಪರದೆಯ ಗಂತಿ, ಅಂದರೆ ರೆಟಿನೊಬ್ಲಾಸ್ಟೊಮಾ, ನೂರರಲ್ಲಿ ಸುಮಾರು 40 ಮಕ್ಕಳಲ್ಲಿ ಇಂತಹುದು. ಫೋಟೋದಲ್ಲಿ ಮಗುವಿನ ಕಣ್ಣುಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ ತಡಮಾಡದೆ ನೇತ್ರತಜ್ಞರಿಗೆ ತೋರಿಸಿ. ಸ್ತನ ಕ್ಯಾನ್ಸರಿನಲ್ಲಿ ನೂರಕ್ಕೆ 5ರಿಂದ 10 ಮಾತ್ರ ಹೀಗೆ ಬರುವುದು. ಲಿಂಚ್ ಸಿಂಡ್ರೋಮ್ ಇರುವ ಕುಟುಂಬಗಳಲ್ಲಿ ಹುಟ್ಟಿನಿಂದಲೇ ದುರ್ಬಲವಾಗಿರುವುದು ನಾನು ಮೇಲೆ ಹೇಳಿದ ಆ ಎರಡನೆಯ ಕರಡು ತಿದ್ದುವ ತಂಡ. ಅವರಲ್ಲಿ ದೊಡ್ಡ ಕರುಳಿನ, ಗರ್ಭಕೋಶದ ಕ್ಯಾನ್ಸರ್ ಹೆಚ್ಚು. ಒಂದೇ ರಕ್ತಸಂಬಂಧದಲ್ಲಿ ಇಬ್ಬರು ಮೂವರಿಗೆ, ಅದರಲ್ಲಿಯೂ 50 ವರ್ಷದೊಳಗೆ ಇಂತಹ ಕ್ಯಾನ್ಸರ್ ಬಂದಿದ್ದರೆ ತಜ್ಞರನ್ನು ಕಂಡು ಪರೀಕ್ಷೆಯ ಬಗ್ಗೆ ಕೇಳುವುದು ಒಳ್ಳೆಯದು. ಇಂತಹ ಮನೆಗಳು ಕಡಿಮೆ. ಹೊಗೆಸೊಪ್ಪು ಜಗಿದು ಬಾಯಿ ಕೆಟ್ಟವರ ಮಗಳನ್ನು ಈ ಪಟ್ಟಿಗೆ ಸೇರಿಸಬೇಡಿ.

ಅಂಗಳದ ಹೂವು, ಆಸ್ಪತ್ರೆಯ ಔಷಧಿ

ನಮ್ಮ ಅಂಗಳಗಳಲ್ಲಿ ವರ್ಷವಿಡೀ ಬಿಳಿ, ನಸುಗೆಂಪು ಹೂ ಬಿಡುವ ನಿತ್ಯಪುಷ್ಪದ ಗಿಡ ನಿಮಗೆ ಗೊತ್ತು. ಕಾಶಿ ಕಣಗಿಲೆ ಎಂದೂ ಕರೆಯುತ್ತಾರೆ. ಮಡಗಾಸ್ಕರಿನಿಂದ ಬಂದ ಗಿಡವಿದು. 1950ರ ದಶಕದಲ್ಲಿ ಕೆನಡಾದ ನೋಬಲ್ ಮತ್ತು ಬಿಯರ್ ಇದರ ಎಲೆಯಲ್ಲಿ ಸಕ್ಕರೆ ಕಾಯಿಲೆಗೆ ಮದ್ದಿದೆಯೇ ಎಂದು ಹುಡುಕಹೊರಟರು. ಸಕ್ಕರೆ ಇಳಿಯಲಿಲ್ಲ, ಪ್ರಯೋಗದ ಪ್ರಾಣಿಗಳ ಬಿಳಿರಕ್ತಕಣಗಳು ಇಳಿದವು. ಅಲ್ಲಿಂದ ವಿನ್‌ಬ್ಲಾಸ್ಟಿನ್, ಬಳಿಕ ವಿನ್‌ಕ್ರಿಸ್ಟಿನ್ ಎಂಬ ಔಷಧಿಗಳು ದೊರೆತವು. ವರ್ಣತಂತುಗಳನ್ನು ಎಳೆಯುವ ದಾರಗಳು ಕಟ್ಟಿಕೊಳ್ಳದಂತೆ ಇವು ತಡೆಯುತ್ತವೆ. ದಾರವಿಲ್ಲದೆ ಪಾಲಿಲ್ಲ, ನಡುದಾರಿಯಲ್ಲಿ ಸಿಕ್ಕಿಕೊಂಡ ಕೋಶ ಸಾಯುತ್ತದೆ. ಮಕ್ಕಳ ರಕ್ತಕ್ಯಾನ್ಸರಿನ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಇಂದಿಗೂ ಮುಖ್ಯ ಔಷಧಿ.

ಸಕ್ಕರೆ ಕಾಯಿಲೆಗೆಂದು ಬೆಳಿಗ್ಗೆ ಎದ್ದು ಈ ಗಿಡದ ಎಲೆ ಜಗಿಯುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಆಸ್ಪತ್ರೆಯಲ್ಲಿ ಮಿಲಿಗ್ರಾಮ್ ಲೆಕ್ಕದಲ್ಲಿ ಅಳೆದು ರಕ್ತನಾಳಕ್ಕೆ ಕೊಡುವ ವಿಷ ಅದು. ಮುಷ್ಟಿಯ ಅಳತೆಯಲ್ಲಿ ತಿನ್ನುವಂಥದಲ್ಲ.

ಇಂತಹ ಔಷಧಿಗಳಿಗೆ ಕ್ಯಾನ್ಸರ್ ಕೋಶ ಯಾವುದು, ಒಳ್ಳೆಯ ಕೋಶ ಯಾವುದು ಎಂದು ಗುರುತು ಸಿಗುವುದಿಲ್ಲ. ವಿಭಜನೆಯಲ್ಲಿ ತೊಡಗಿರುವ ಎಲ್ಲ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಕೂದಲ ಬುಡ, ಬಾಯಿ ಮತ್ತು ಕರುಳಿನ ಒಳಪದರ, ಮೂಳೆಮಜ್ಜೆ — ದೇಹದಲ್ಲಿ ಬಿಡುವಿಲ್ಲದೆ ವಿಭಜಿಸುವ ಕೋಶಗಳಿರುವುದು ಈ ಜಾಗಗಳಲ್ಲಿಯೇ. ಕೂದಲು ಉದುರುವುದು, ಬಾಯಿ ಹುಣ್ಣು, ಭೇದಿ, ರಕ್ತಕಣಗಳ ಇಳಿಕೆ ಎಲ್ಲಕ್ಕೂ ಕಾರಣ ಇದೇ. ಆದರೆ ಆ ಜಾಗಗಳ ಮೂಲಕೋಶಗಳು ಉಳಿದಿರುತ್ತವೆ; ಚಿಕಿತ್ಸೆ ಮುಗಿದ ಮೇಲೆ ಮತ್ತೆ ವಿಭಜಿಸಿ ಕೂದಲನ್ನು, ಒಳಪದರವನ್ನು ಕಟ್ಟಿಕೊಡುತ್ತವೆ. ಮಗುವಿನ ತಲೆ ಬೋಳಾದುದನ್ನು ನೋಡಲಾರದೆ ನಡುವೆಯೇ ಚಿಕಿತ್ಸೆ ಬಿಡಿಸಿ ಊರಿಗೆ ಕರೆದೊಯ್ಯುವ ತಂದೆತಾಯಿಗಳಿದ್ದಾರೆ. ಅಂತಹ ಮನೆ ನಿಮ್ಮ ನೆರೆಯಲ್ಲಿದ್ದರೆ ಹೋಗಿ ತಿಳಿಹೇಳಿ. ಉದುರಿದ ಕೂದಲು ಸಾಮಾನ್ಯವಾಗಿ ಬರುತ್ತದೆ. ಅರ್ಧ ಚಿಕಿತ್ಸೆಯಿಂದ ಮರಳಿದ ರೋಗ ಎರಡನೆಯ ಬಾರಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಇನ್ನೊಂದು ಮಾತು, ಬಹಳ ಮುಖ್ಯವಾದದ್ದು. ಇಂತಹ ಔಷಧಿಗಳಲ್ಲಿ ಹಲವನ್ನು ಕೊಟ್ಟ ಒಂದೆರಡು ವಾರಗಳಲ್ಲಿ ಬಿಳಿರಕ್ತಕಣಗಳು ಅತಿ ಕಡಿಮೆಯಾಗಿರುತ್ತವೆ. ಆ ಅವಧಿಯಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಮನೆಯಲ್ಲಿ ಜ್ವರದ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಹೊರಡಿ.

ಅಕ್ಷರಗಳಿಗೆ ಬೇಕಾದ ಆಹಾರ

ನಕಲು ಮಾಡಲು ಹೊಸ ಅಕ್ಷರಗಳು ಬೇಕಲ್ಲವೆ? ಡಿ.ಎನ್.ಎ.ಯ ಅಕ್ಷರಗಳನ್ನು ತಯಾರಿಸಲು ಕೋಶಕ್ಕೆ ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವ ಅತ್ಯಗತ್ಯ. ಇವು ಸಾಲದೆ ಹೋದರೆ ಮಜ್ಜೆಯ ಕೋಶ ಬೆಳೆದು ದೊಡ್ಡದಾಗುತ್ತದೆ, ಆದರೆ ನಕಲು ಮುಗಿಯದೆ ಎರಡಾಗಲಾರದು. ರಕ್ತದಲ್ಲಿ ಕೆಲವೇ ದೊಡ್ಡ ದೊಡ್ಡ ಕೆಂಪುಕಣಗಳು ಕಾಣುತ್ತವೆ. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರಲ್ಲಿ ಇಂತಹ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು; ಯೀಸ್ಟಿನ ಸಾರದಿಂದ ಅದು ಗುಣವಾಗುತ್ತದೆಂದು 1931ರಲ್ಲಿ ಬರೆದರು. ಅದರಲ್ಲಿದ್ದ ಸತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಅದನ್ನು 1940ರ ದಶಕದಲ್ಲಿ ಅಮೆರಿಕದಲ್ಲಿ ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಅದೇ ತಂಡ ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡಬರುವ ಅಮಿನಾಪ್ಟೆರಿನ್ ಎಂಬ ಔಷಧಿಯನ್ನೂ ಕೊಟ್ಟಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತಕ್ಯಾನ್ಸರಿನ ಮಕ್ಕಳಿಗೆ ಕೊಟ್ಟಾಗ, ತಾತ್ಕಾಲಿಕವಾಗಿಯಾದರೂ, ಹಲವರು ಚೇತರಿಸಿಕೊಂಡರು. 1948ರಲ್ಲಿ ಆ ವರದಿ ಪ್ರಕಟವಾದ ವರ್ಷವೇ ಸುಬ್ಬರಾವ್ ತೀರಿಕೊಂಡರು.

ಗರ್ಭದ ಮಗುವಿನಷ್ಟು ವೇಗವಾಗಿ ಕೋಶ ವಿಭಜನೆ ನಡೆಯುವ ಕಾಲ ಇನ್ನೊಂದಿಲ್ಲ. ಮೆದುಳು ಮತ್ತು ಬೆನ್ನುಹುರಿಯಾಗುವ ನಳಿಕೆ ಗರ್ಭಧಾರಣೆಯಾದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆ ವೇಳೆಗೆ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಗರ್ಭಿಣಿಯೆಂಬುದೇ ಖಚಿತವಾಗಿರುವುದಿಲ್ಲ. ಆದುದರಿಂದ ದಿನಕ್ಕೆ 400 ಮೈಕ್ರೋಗ್ರಾಮ್ ಫೋಲಿಕ್ ಆಮ್ಲದ ಮಾತ್ರೆಯನ್ನು ಮಗು ಬೇಕೆಂದು ನಿರ್ಧರಿಸಿದ ದಿನದಿಂದಲೇ ಆರಂಭಿಸಿ, ಕನಿಷ್ಠ ಮೊದಲ 12 ವಾರ ಮುಂದುವರಿಸಬೇಕು. ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದರೆ ಇನ್ನೂ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ವೈದ್ಯರನ್ನು ಕೇಳಿ. ಸೊಪ್ಪು, ಕಾಳು, ಬೇಳೆಗಳಲ್ಲಿ ಇದು ಹೇರಳವಾಗಿದೆ, ಆದರೆ ಅತಿಯಾಗಿ ಬೇಯಿಸಿ ನೀರು ಬಸಿದರೆ ಬಹಳಷ್ಟು ನಷ್ಟವಾಗುತ್ತದೆ.

ಬಿ12 ಸಸ್ಯಾಹಾರದಲ್ಲಿ ಇಲ್ಲವೆನ್ನಬಹುದು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಹಾಲು ಮೊಸರು ಕಡಿಮೆ ಬಳಸುವ ಸಸ್ಯಾಹಾರಿಗಳು, ವಯಸ್ಸಾದವರು, ಸಕ್ಕರೆ ಕಾಯಿಲೆಗೆ ಬಹಳ ವರ್ಷಗಳಿಂದ ಮೆಟ್‌ಫಾರ್ಮಿನ್ ಸೇವಿಸುತ್ತಿರುವವರು, ಗ್ಯಾಸಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವವರು ಈ ಕೊರತೆಗೆ ಒಳಗಾಗುವುದು ಹೆಚ್ಚು. ನಾಲಿಗೆ ನುಣ್ಣಗೆ ಕೆಂಪಾಗಿ ಉರಿಯುವುದು, ಸುಸ್ತು, ಅಂಗಾಲು ಜುಮುಗುಡುವುದು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಅಂಗಡಿಯಿಂದ ಬರಿಯ ಫೋಲಿಕ್ ಆಮ್ಲದ ಮಾತ್ರೆ ತಂದು ನುಂಗುತ್ತಾ ಕೂರಬೇಡಿ. ಬಿ12 ಕೊರತೆಯಿರುವವರಲ್ಲಿ ಅದರಿಂದ ರಕ್ತ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಕಾಲಿನ ಜೋಮು ಹಾಗೆಯೇ ಉಳಿದುಬಿಡಬಹುದು.